ಜಟಕಾ ರಹಮತುಲ್ಲಾ ಎಣಿಸಿದ ಹಕ್ಕಿಗಳು

ಯಲಹಂಕದ ರೈಲ್ವೆ ಸ್ಟೇಷನ್ ಮುಂದೆ ಜಟಕಾ ನಿಲ್ಲಿಸುತ್ತಿದ್ದ ರಹಮತುಲ್ಲಾನಿಗೆ ಹಕ್ಕಿಗಳ ಹುಚ್ಚು ತಾನಾಗಿ ಹಿಡಿದದ್ದಲ್ಲ, ಬಾಡಿಗೆಯ ಜೊತೆ ಬಂದದ್ದು. 1953ರ ಜನವರಿಯ ಒಂದು ಬೆಳಗ್ಗೆ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ನರಸಿಂಹಯ್ಯ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಬಂದು, ಮೊದಲು ಅಲ್ಲಾಳಸಂದ್ರದ ಕೆರೆ, ಆಮೇಲೆ ಜಕ್ಕೂರು ಕೆರೆ, ಬಿಸಿಲೇರುವ ಹೊತ್ತಿಗೆ ವಾಪಸು ಎಂದರು. ಪಟ್ಟಣದ ಸಂಘವೊಂದು ಪ್ರತಿ ಚಳಿಗಾಲ ಕೆರೆಗಳ ಹಕ್ಕಿ ಎಣಿಸುತ್ತಿತ್ತು. ಈ ಎರಡು ಕೆರೆ ಮೇಷ್ಟ್ರ ಪಾಲಿಗೆ ಬಂದಿದ್ದವು.

ಮೊದಲ ವರ್ಷ ರಹಮತುಲ್ಲಾ ಕುದುರೆಗೆ ಹುಲ್ಲು ಹಾಕಿ, ಗಾಡಿಯಲ್ಲೇ ಮುಸುಕೆಳೆದು ಮಲಗಿದ. ಮರುವರ್ಷ ಏರಿಯ ಮೇಲೆ ಬಂದು ಕೂತ. ಮೂರನೆಯ ಸಲ ದುರ್ಬೀನು ಕೇಳಿ ಇಸಿದುಕೊಂಡ. ಸೂಜಿಬಾಲದ ಬಾತು ಹಿಮಾಲಯ ದಾಟಿ ಬರುತ್ತದೆ ಎಂದು ಮೇಷ್ಟ್ರು ಹೇಳಿದಾಗ ಮಾತ್ರ ಅವನು ನಂಬಲಿಲ್ಲ.

"ಅಷ್ಟು ದೂರದಿಂದ ಈ ಜಕ್ಕೂರಿಗಾ? ಸುಮ್ನಿರಿ ಮೇಷ್ಟ್ರೇ."

ಮನೆಗೆ ಹೋಗಿ ಹೆಂಡತಿ ಖುರ್ಷೀದಳಿಗೆ ಅದನ್ನೇ, ಹುಟ್ಟಿದಾಗಿನಿಂದ ಗೊತ್ತಿದ್ದವನ ಹಾಗೆ ಹೇಳಿದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಹಾರುವ ರೀತಿ ನೋಡಿಯೇ ಹಕ್ಕಿ ಯಾವುದೆಂದು ಹೇಳುತ್ತಿದ್ದ.

1964ರಲ್ಲಿ, ಅಲ್ಲಾಳಸಂದ್ರದ ಏರಿಯ ಮೇಲೆ ಅಗಸರು ಒಣಹಾಕಿದ್ದ ಬಟ್ಟೆಗಳನ್ನು ಮೇಷ್ಟ್ರು ಬೆಳ್ಳಕ್ಕಿ ಎಂದು ಹೇಳುತ್ತ ಬರೆದುಕೊಂಡರು. ತಮಾಷೆ ಮಾಡುತ್ತಿದ್ದಾರೆಂದು ರಹಮತುಲ್ಲಾ ನಕ್ಕ. ಜಕ್ಕೂರಿನಲ್ಲಿ ಅವರು ಬಹಳ ಹೊತ್ತು ನೋಡಿ "ಬಾತು, ಇನ್ನೂರ ನಲವತ್ತು" ಎಂದಾಗ ಅವನಿಗೆ ನಗು ಬರಲಿಲ್ಲ. ನೀರಿನ ಮೇಲಿದ್ದವೆಲ್ಲ ಹಣೆಗೆ ಬಿಳಿ ನಾಮವಿದ್ದ ಕರಿ ನಾಮಗೋಳಿಗಳು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಲಗಾಮು ಜಗ್ಗಿದ.

"ಮೇಷ್ಟ್ರೇ, ಅವು ಬಾತಲ್ಲ. ನಾಮಗೋಳಿ."

"ಎಷ್ಟು?"

"ಎಲ್ಲಾನೂ."

ನರಸಿಂಹಯ್ಯ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. "ಗಾಡಿ ತಿರುಗ್ಸು," ಎಂದರು. ಅಂದು ಎರಡು ಕೆರೆಗಳನ್ನೂ ಮತ್ತೆ ಎಣಿಸಿದರು. ಅವನು ಹೇಳಿದ, ಅವರು ಬರೆದರು.

ಕಣ್ಣಿನ ನರ ಒಣಗಿದೆ, ಮಾಡುವಂಥದ್ದೇನೂ ಇಲ್ಲ ಎಂದರು ಡಾಕ್ಟರು. 1966ರ ಹೊತ್ತಿಗೆ ಮೇಷ್ಟ್ರಿಗೆ ಬರೆಯುವುದೂ ಆಗದಾಯಿತು. ರಹಮತುಲ್ಲಾನಿಗೆ ಬರುತ್ತಿದ್ದದ್ದು ಉರ್ದು ಅಕ್ಷರ ಮಾತ್ರ. ಕನ್ನಡದ ಹೆಸರುಗಳನ್ನು ಅದರಲ್ಲೇ ಬರೆದ.

"ಯಾರಿಂದಾದ್ರೂ ಕನ್ನಡದಲ್ಲಿ ಬರೆಸ್ಲಾ?" ಎಂದು ಕೇಳಿದ.

"ಬೇಡ ಕಣಯ್ಯ. ಎಣಿಸಿದೋನು ನೀನು. ಹಿಂಗೇ ಹೋಗ್ಲಿ."

ಎರಡು ವಾರಕ್ಕೆ ಸಂಘದ ಕಾರ್ಯದರ್ಶಿ ಚನ್ನಕೇಶವ ಓದಲಾಗದ ಆ ಹಾಳೆಯನ್ನು ಹಿಡಿದುಕೊಂಡು, ಮುಖ ಗಂಟಿಕ್ಕಿಕೊಂಡೇ ಮೇಷ್ಟ್ರ ಮನೆಗೆ ಬಂದ. ರಹಮತುಲ್ಲಾನಿಗೆ ಹೇಳಿಕಳಿಸಿದರು. ಅವನು ಓದುತ್ತಾ ಹೋದ, ಚನ್ನಕೇಶವ ಬರೆದುಕೊಂಡ.

"ಗೊತ್ತಾಗಲಿಲ್ಲ, ಹನ್ನೊಂದು."

"ಅದ್ಯಾವ ಹಕ್ಕಿ?"

"ಹಕ್ಕಿ ಹೆಸರಲ್ಲ ಸಾಮಿ. ಬಿಸಿಲಿಗೆ ಎದುರಾಗಿ ಹಾರೋದ್ವು. ಏನೂಂತ ಗೊತ್ತಾಗ್ಲಿಲ್ಲ, ಹಂಗೇ ಬರ್ದೆ."

ಚನ್ನಕೇಶವ ಪೆನ್ನು ನಿಲ್ಲಿಸಿ ಅವನನ್ನು ನೋಡಿದ. ಗೊತ್ತಾಗಲಿಲ್ಲ ಎಂದು ಬರೆದ ಪಟ್ಟಿ ಅಲ್ಲಿಯವರೆಗೆ ಕಾರ್ಯದರ್ಶಿಯ ಕೈಗೆ ಬಂದಿರಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಬಾಯಿಬಿಟ್ಟರು.

"ಅರವತ್ತೊಂದರಿಂದ ಅರವತ್ಮೂರರ ತನಕ ನಾನು ಕೊಟ್ಟ ಲೆಕ್ಕ ಹೊಡೆದುಹಾಕಿ. ಆಗ್ಲೇ ನಂಗೆ ಸರಿಯಾಗಿ ಕಾಣ್ತಿರ್ಲಿಲ್ಲ. ಹೇಳ್ಕೊಳ್ಳೋಕೆ ನಾಚ್ಕೆ ಆಯ್ತು."

ಚನ್ನಕೇಶವ ಅದನ್ನೂ ಬರೆದುಕೊಂಡ. ಆ ವರ್ಷದ ವರದಿಯಲ್ಲಿ ಎರಡೂ ಕೆರೆಗಳ ಮುಂದೆ, ಎಣಿಸಿದವರು ರಹಮತುಲ್ಲಾ, ಯಲಹಂಕ ಎಂದು ಅಚ್ಚಾಯಿತು. ಹಳೆಯ ಮೂರು ವರ್ಷಗಳ ಲೆಕ್ಕವನ್ನು ಕೈಬಿಡಲಾಗಿದೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ನರಸಿಂಹಯ್ಯ 1968ರ ಮಳೆಗಾಲದಲ್ಲಿ ತೀರಿಕೊಂಡರು. ಬಸ್ಸುಗಳು ಹೆಚ್ಚಾಗಿ ಜಟಕಾ ಕೇಳುವವರಿಲ್ಲದಾಗಿ, ರಹಮತುಲ್ಲಾ ಆ ವರ್ಷವೇ ಕುದುರೆ ಮಾರಿದ. ಮುಂದಿನ ಜನವರಿಯಲ್ಲಿ ಖುರ್ಷೀದ್ ಕಟ್ಟಿಕೊಟ್ಟ ರೊಟ್ಟಿ ಹಿಡಿದು ಜಕ್ಕೂರಿಗೆ ನಡೆದೇ ಹೋದ. ಏರಿಯ ಮೇಲೆ ಒಬ್ಬನೇ ಕೂತು, ಹತ್ತೂವರೆಯವರೆಗೆ ಎಣಿಸಿದ.