ಧಾರೆಗೆ ಕೂರಬೇಕಾದ ಅಪ್ಪ

ಪುಟ್ಟಿ, ಚಿನ್ನು, ನಿಮ್ಮ ತಾತನಿಗೆ ಆಗಿದ್ದು ಮೂತ್ರದ ಕಲ್ಲಿನ ಆಪರೇಷನ್ ಅಲ್ಲ. ಮನೆಯಲ್ಲಿ ಯಾರನ್ನು ಕೇಳಿದರೂ ಈಗಲೂ ಕಲ್ಲು ಎಂದೇ ಹೇಳುತ್ತಾರೆ. ಗಂಡಸರಿಗೆ ವಯಸ್ಸಾದ ಮೇಲೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಎನ್ನುವ ಗ್ರಂಥಿ ದಪ್ಪವಾಗಿ ಮೂತ್ರದ ದಾರಿಯನ್ನು ಹಿಸುಕುತ್ತದೆ. ಅವರಿಗೆ ಆಗಿದ್ದು ಅದು. ಹೇಳಲು ನಾಚಿಕೆಯಂತೆ. ನಾನು ಬಸುರಿಯಾದಾಗಲೆಲ್ಲ ನನ್ನ ಹೊಟ್ಟೆಯನ್ನು ಊರವರು ದಿಟ್ಟಿಸಿ ನೋಡಿ, ಗಂಡೋ ಹೆಣ್ಣೋ ಎಂದು ಜಗಲಿಯ ಮೇಲೆ ಕೂತು ಮಾತಾಡಿಕೊಂಡರಲ್ಲ, ಆಗ ಯಾರಿಗೂ ನಾಚಿಕೆ ಆಗಿರಲಿಲ್ಲ.

ನಿಮ್ಮ ಅಮ್ಮನ ಮದುವೆ ನಿಶ್ಚಯವಾಗಿ, ಬೇಲೂರಿನಲ್ಲಿ ಛತ್ರ ಗೊತ್ತು ಮಾಡಿದ್ದೆವು. ಆಗ ನಾವು ಅರಸೀಕೆರೆ ತಾಲ್ಲೂಕಿನ ಗಂಡಸಿಯ ಹತ್ತಿರದ ಹಳ್ಳಿಯಲ್ಲಿದ್ದೆವು. ಬಸ್ಸು ಹತ್ತಬೇಕೆಂದರೆ ತಾತ ಬೆಳಗಿನಿಂದಲೇ ನೀರು ಮುಟ್ಟುತ್ತಿರಲಿಲ್ಲ. ಲಗ್ನಪತ್ರಿಕೆ ಕೊಡಲು ಹಳೇಬೀಡಿಗೆ ಹೊರಟವರು ದಾರಿಯಲ್ಲೇ ಇಳಿದು, ಮರದ ಮರೆಯಲ್ಲಿ ಎಷ್ಟು ಹೊತ್ತು ನಿಂತರೂ ಒಂದು ಹನಿ ಬಾರದೆ, ಕಿಬ್ಬೊಟ್ಟೆ ಬಿಗಿದು, ಬೆವರುತ್ತಾ ವಾಪಸಾದರು. ಅರಸೀಕೆರೆಯ ಡಾಕ್ಟರು ಟ್ಯೂಬು ಹಾಕಿ ಚೀಲ ಕಟ್ಟಿ ಕಳಿಸಿದರು. ಎದೆಯ ತೊಂದರೆಗೆ ತಾತ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರು. ಕೆರೆದು ತೆಗೆಯುವ ಹಳೆಯ ಆಪರೇಷನ್ ಮಾಡಿದರೆ ರಕ್ತ ಹೆಚ್ಚು ಹೋಗಬಹುದು, ಬೆಂಗಳೂರಿನಲ್ಲಿ ಲೇಸರ್ ಬಂದಿದೆ, ಅದು ಇವರಿಗೆ ವಾಸಿ ಎಂದು ಆ ಡಾಕ್ಟರೇ ಹೇಳಿದರು.

ಮನೆಯಲ್ಲಿ ಬೇರೆಯೇ ತೀರ್ಮಾನವಾಯಿತು. ನಿಮ್ಮ ದೊಡ್ಡ ತಾತ, ಅಂದರೆ ನನ್ನ ಭಾವ, ನಡುಮನೆಯಲ್ಲಿ ಕೂತು ಹೇಳಿದರು:

"ಅಲ್ಲ ಕಣ್ಲಾ, ಉಚ್ಚೆ ಚೀಲ ನೇತಾಕ್ಕೊಂಡು ಹಸೆಮಣೆ ಮ್ಯಾಲೆ ಕುಂತ್ಕತೀಯಾ? ಬೀಗರು ಏನಂದಾರು? ಧಾರೆ ನಾವು ಎರೀತೀವಿ. ಆಪರೇಸನ್ ಆಮ್ಯಾಕೆ ನೋಡಾನ."

ಪಕ್ಕದಲ್ಲಿದ್ದ ನೆಂಟನೊಬ್ಬ, ಲೇಸರ್ ಬಿಟ್ಟರೆ ಗಂಡಸುತನವೂ ಸುಟ್ಟುಹೋಗುತ್ತದಂತೆ ಎಂದ. ಎಲ್ಲರೂ ನಕ್ಕರು. ನೋವಿಲ್ಲದೆ ಒಂದು ಸಲ ಮೂತ್ರ ಮಾಡಿದರೆ ಸಾಕೆಂದು ಹಲ್ಲು ಕಚ್ಚಿ ಕೂತಿದ್ದ ಮನುಷ್ಯನ ಎದುರಿಗೇ ನಕ್ಕರು. ತಾತ ಟವೆಲಿನಿಂದ ಚೀಲ ಮುಚ್ಚಿಕೊಂಡು ನೆಲ ನೋಡುತ್ತಿದ್ದರು.

ಧಾರೆಗೆ ಗಂಡ ಕೂರದಿದ್ದರೆ ಹೆಂಡತಿಯೂ ಕೂರುವ ಹಾಗಿಲ್ಲ. ಹೆತ್ತವಳನ್ನು ಒಂದು ಮಾತು ಕೇಳಬೇಕೆಂದು ಅಲ್ಲಿದ್ದ ಯಾರಿಗೂ ಅನ್ನಿಸಲಿಲ್ಲ. ಕಾಫಿ ತಟ್ಟೆ ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ಭಾವನ ಎದುರು ನಾನು ಎಂದೂ ದನಿಯೆತ್ತಿದವಳಲ್ಲ. ಅಂದೂ ಎತ್ತಲಿಲ್ಲ. ನನ್ನ ತಮ್ಮನನ್ನು ಕರೆಸಿ, ಮರುದಿನವೇ ತಾತನನ್ನು ಕರೆದುಕೊಂಡು ಅರಸೀಕೆರೆಯಲ್ಲಿ ಬೆಂಗಳೂರಿನ ರೈಲು ಹತ್ತಿದೆ. ಹರಕೆ ತೀರಿಸಲು ಹೋಗುತ್ತಿದ್ದೇವೆ ಎಂದು ಭಾವನ ಹೆಂಡತಿಗೆ, ನಾನು ಅಕ್ಕ ಎನ್ನುವ ಓರಗಿತ್ತಿಗೆ, ಹೇಳಿದೆ.

ಬೆಂಗಳೂರಿನ ಡಾಕ್ಟರು ಎಲ್ಲವನ್ನೂ ನನ್ನ ತಮ್ಮನಿಗೇ ವಿವರಿಸಿದರು. ಹೊಟ್ಟೆ ಕುಯ್ಯುವುದಿಲ್ಲ, ಮೂತ್ರದ ದಾರಿಯಲ್ಲೇ ಸಣ್ಣ ನಳಿಗೆ ಇಳಿಸಿ ಲೇಸರ್ ಬೆಳಕಿನ ಕಾವಿನಿಂದ ಬೆಳೆದ ಮಾಂಸವನ್ನು ತೆಗೆಯುತ್ತೇವೆ ಎಂದರು. ಹಗಲೂ ರಾತ್ರಿ ಆ ಚೀಲ ಬರಿದು ಮಾಡುತ್ತಿದ್ದವಳು ನಾನು. ನನ್ನ ಕಡೆ ಅವರು ತಿರುಗಲೂ ಇಲ್ಲ. ಕೊನೆಗೆ ನಾನೇ ಕೇಳಿದೆ:

"ಮಗಳ ಮದ್ವೆ ಐತೆ ಸಾರ್. ಧಾರೆಗೆ ಇವರು ಕೂರಬೋದಾ?"

ಅವರು ಆಗ ನನ್ನನ್ನು ನೋಡಿದರು. ಟ್ಯೂಬು ಬೇಗ ತೆಗೆಯಬಹುದು, ಕೂರಲು ತೊಂದರೆಯಿಲ್ಲ, ಆದರೆ ಕೆಲವು ವಾರ ಉರಿ ಇರುತ್ತದೆ, ಮೂತ್ರ ಬಂದರೆ ತಡೆದುಕೊಳ್ಳಲು ಆಗುವುದಿಲ್ಲ, ಎದ್ದು ಹೋಗಬೇಕಾಗುತ್ತದೆ ಎಂದರು. ಆಪರೇಷನ್ ಸುಸೂತ್ರವಾಗಿ ಆಯಿತು. ಟ್ಯೂಬು ತೆಗೆದ ದಿನ ತಾತ ಬಚ್ಚಲಿನಿಂದ ಹೊರಬಂದು, ನನ್ನ ಪಕ್ಕ ಕೂತು ಒಂದು ಚೊಂಬು ನೀರು ಕುಡಿದರು.

ಚೀಲ ಹೋಗಿತ್ತು, ಬೇಡವೆನ್ನಲು ಭಾವನಿಗೆ ನೆಪ ಉಳಿದಿರಲಿಲ್ಲ; ಮದುವೆಯ ದಿನ ನಾವಿಬ್ಬರೂ ಮಣೆಯ ಮೇಲೆ ಕೂತೆವು. ಭಾವನೂ ಓರಗಿತ್ತಿಯೂ ರೇಷ್ಮೆ ಉಟ್ಟು ಪಕ್ಕದಲ್ಲೇ ಸಿದ್ಧವಾಗಿ ನಿಂತಿದ್ದರು. ಯಾವುದಕ್ಕೂ ಇರಲಿ ಎಂದಂತೆ. ಡಾಕ್ಟರು ಹೇಳಿದ ಹಾಗೇ ಆಯಿತು. ಇನ್ನೇನು ಧಾರೆ ಎರೆಯಬೇಕು, ತಾತ ಪಂಚೆ ಹಿಡಿದುಕೊಂಡು ಎದ್ದು ಹೋದರು. ಛತ್ರದ ತುಂಬ ಪಿಸುಮಾತು. ಭಾವ ಒಂದು ಕ್ಷಣವೂ ತಡೆಯದೆ ಮಣೆಯತ್ತ ಬಂದರು.

"ಮುಹೂರ್ತ ಮೀರ್ತದೆ ಕಣಮ್ಮ. ಅವನ ಕೈಲಿ ಎಲ್ಲಾಯ್ತದೆ? ಏಳು, ನಿಮ್ಮಕ್ಕ ಕೂರ್ಲಿ."

ನಾನು ಏಳಲಿಲ್ಲ. ಖಾಲಿ ಮಣೆಯ ಮೇಲೆ ಕೈ ಊರಿದೆ.

"ಅವರು ಬತ್ತಾರೆ, ಭಾವ. ಉಚ್ಚೆ ಉಯ್ಯಕ್ಕೆ ಹೋಗವ್ರೆ, ಊರು ಬಿಟ್ಟು ಹೋಗಿಲ್ಲ."

ಗಂಡಿನ ಕಡೆಯ ಮುದುಕರೊಬ್ಬರು ನಕ್ಕು, ನನಗೂ ಅದೇ ಪಾಡು ಕಣಮ್ಮ, ಕಾಯ್ತೀವಿ ಬಿಡು ಎಂದರು. ನಿಮ್ಮಮ್ಮ ಅಷ್ಟರಲ್ಲಿ ಚಾಚಿದ್ದ ಕೈಗಳನ್ನು ಮಡಿಲಿಗೆ ಎಳೆದುಕೊಂಡಿದ್ದಳು. ತಾತ ಕಾಲು ತೊಳೆದುಕೊಂಡು ಬಂದು ಕೂತ ಮೇಲೆಯೇ ಮತ್ತೆ ಚಾಚಿದಳು. ನಾನು ನೀರು ಬಿಟ್ಟೆ.

ಊಟದ ಪಂಕ್ತಿಯಲ್ಲಿ ಭಾವ ಎಲ್ಲರಿಗೂ ಕಲ್ಲಿನ ಕಥೆ ಹೇಳುತ್ತಿದ್ದರು. ಅಷ್ಟು ಜನರೆದುರು ನಾನು ಹೇಳಿದ್ದನ್ನು ಕೇಳಿಯೂ ಹೇಳುತ್ತಿದ್ದರು. ತಾತ ತೀರಿಕೊಂಡ ಮೇಲೂ ಅದೇ ಕಥೆ. ಆ ಸುಳ್ಳಿನ ಮರೆಯಲ್ಲಿ ನಮ್ಮ ಮನೆಯ ಇನ್ನೊಬ್ಬ ಗಂಡಸು ಬಾಯಾರಿಕೊಂಡು ಬಸ್ಸಿನಲ್ಲಿ ಕೂರಬಾರದು, ಮಗಳ ಧಾರೆಯ ಹೊತ್ತಿನಲ್ಲಿ ಒಳಗೆ ಮಲಗಿರಬಾರದು.

ಅದಕ್ಕೇ ಇದನ್ನು ಬರೆದಿದ್ದೇನೆ. ಚಿನ್ನು, ನೀನೂ ಗಂಡಸು, ನಿನಗೂ ಒಂದು ದಿನ ವಯಸ್ಸಾಗುತ್ತದೆ. ಈ ಹಾಳೆಗಳನ್ನು ಸೀರೆಗಳ ಅಡಿಯಲ್ಲಿ ಬಚ್ಚಿಡಬೇಡಿ. ಇರುವೆ, ಗೆದ್ದಲು ಮುಟ್ಟದ ಹಾಗೆ, ಮನೆಯ ಗಂಡಸರ ಕೈಗೆ ಸಿಗುವ ಕಡೆ ಜೋಪಾನವಾಗಿಡಿ.