ಒಂದೇ ಮೈಕು ಸಾಕೆಂದ ಅತ್ತಿ

ಹಾಡುವಾಗ ಅತ್ತಿ ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದಳು. ಬೆರಳ ಸಂದಿಯಲ್ಲಿ ಅಂದು ಸುತ್ತಿದ ನೂಲಿನ ಬಣ್ಣ ಅಂಟಿರುತ್ತಿತ್ತು, ಒಂದು ದಿನ ಹಸಿರು, ಒಂದು ದಿನ ಕುಂಕುಮಗೆಂಪು. ಬನಹಟ್ಟಿಯ ನಮ್ಮ ಓಣಿಯಲ್ಲಿ ಮನೆಮನೆಗೂ ಪವರ್‌ಲೂಮ್. ಆ ಗದ್ದಲದಲ್ಲಿ ತನ್ನ ದನಿ ತನಗೇ ಕೇಳಬೇಕಾದರೆ ಒಂದು ಕಿವಿ ಮುಚ್ಚಲೇಬೇಕು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ದಿನವಿಡೀ ಹಾಡುತ್ತಿದ್ದ ನನ್ನ ಸೋದರತ್ತೆಯನ್ನು ಯಾರಾದರೂ ಹೊಗಳಿದರೆ, "ಸುಮ್ನ ಕುಂದರ್ರಿ, ಮಗ್ಗಕ್ಕ ಬ್ಯಾಸರಾಗಬಾರ್ದಂತ ಹಾಡ್ತೀನಿ" ಎನ್ನುತ್ತಿದ್ದಳು.

ಎಂಬತ್ತರ ದಶಕದ ಕೊನೆಗೆ ಅವಳ ಮಗಳ ಮದುವೆ ಗೊತ್ತಾಯಿತು. ಸೋಬಾನೆ ಪದಕ್ಕೆ ಎರಡು ಕಡೆ ಬೇಕು. ಒಂದು ಕಡೆಯವರು ಸಾಲು ಹಾಡಿದರೆ ಇನ್ನೊಂದು ಕಡೆಯವರು ಅದನ್ನು ಎತ್ತಿಕೊಂಡು ಮುಗಿಸಬೇಕು. ಅತ್ತಿಯ ಸಾಲು ಎತ್ತಿಕೊಳ್ಳುತ್ತಿದ್ದವಳು ಮುಧೋಳಕ್ಕೆ ಕೊಟ್ಟಿದ್ದ ಅವಳ ಅಕ್ಕ, ನಮ್ಮ ದೊಡ್ಡತ್ತಿ. ಅವಳಿಗೆ ಲಕ್ವಾ ಹೊಡೆದು ಮಾತೇ ನಿಂತುಹೋಗಿತ್ತು. ನಮ್ಮಜ್ಜಿಯಿಂದ ಬಂದ ಆ ಪದಗಳು ಇನ್ಯಾರಿಗೂ ಬರುವುದಿಲ್ಲ, ತನ್ನೊಂದಿಗೇ ಮುಗಿಯುತ್ತವೆ ಎಂಬ ಕೊರಗು ಅತ್ತಿಗೆ ಹತ್ತಿತು.

ನಾನಾಗ ಜಮಖಂಡಿಯ ಒಂದು ಬ್ಯಾಂಕಿನಲ್ಲಿ ಹೊಸ ಗುಮಾಸ್ತ, ಟೇಪ್‌ರೆಕಾರ್ಡರ್ ಹುಚ್ಚಿನವನು. ಒಂದೇ ಕ್ಯಾಸೆಟ್ಟಿನಲ್ಲಿ ನಾಲ್ಕು ದನಿಗಳನ್ನು ಬೇರೆಬೇರೆಯಾಗಿ ತುಂಬಿ ಒಟ್ಟಿಗೆ ಕೇಳಿಸುವ ಯಂತ್ರವೊಂದಿದೆ ಎಂದು ಎಲ್ಲೋ ಓದಿದ್ದೆ. ಓದಿದಾಗಿನಿಂದ ತಲೆಯಲ್ಲಿ ಅದೇ.

"ಮೊದ್ಲ ನಿನ್ನ ಸಾಲು ಹಾಡು. ಆಮ್ಯಾಲ ಅದನ್ನ ಕೇಳ್ಕೋತ ದೊಡ್ಡತ್ತಿ ಸಾಲೂ ನೀನ ಹಾಡು. ಎರಡೂ ಕೂಡೇ ಕೇಳ್ತಾವು" ಎಂದೆ.

ಅತ್ತಿ ಕಂಡಿಕೆ ಕೆಳಗಿಟ್ಟಳು. "ಖರೇನ ಲೇ? ನನಗ ನಾನ ಜೋಡಿ ಆಗಬೌದು?"

"ಹೌದ ಬೇ."

"ಹಂಗಾರ ನಾಳೇನ ಹೋಗೂಣು ನಡಿ."

ಮಿರಜದ ಅಂಗಡಿಯಲ್ಲಿ ಎರಡು ಯಂತ್ರಗಳಿದ್ದವು. ಒಂದಕ್ಕೆ ಒಮ್ಮೆಲೇ ನಾಲ್ಕು ಮೈಕು ಸಿಕ್ಕಿಸಬಹುದು. ಅದರ ಬೆಲೆ ಕೇಳಿಯೇ ಬಾಯಿ ಒಣಗಿತು. ಇನ್ನೊಂದು ಮುಂಬಯಿಯಿಂದ ಬಂದ ಹಳೆಯದು. ದನಿ ತುಂಬುವ ಟ್ರ್ಯಾಕು ನಾಲ್ಕಿದ್ದರೂ ಒಮ್ಮೆಗೆ ಒಂದೇ ಮೈಕು. ನನ್ನ ಜೀವವೆಲ್ಲ ದೊಡ್ಡದರ ಮೇಲೆ. ಕಂತಿನಲ್ಲಾದರೂ ತರೋಣವೆಂದು ಗೋಗರೆದೆ. ಅತ್ತಿ ಸೆರಗಿನ ಮೇಲೆಯೇ ಹೆಡ್‌ಫೋನ್ ಏರಿಸಿಕೊಂಡು ಅಂಗಡಿಯವನನ್ನು ವಿಚಾರಿಸತೊಡಗಿದಳು.

"ನಾಕು ಮೈಕ್ ಯಾತಕ್ರೀ?"

"ನಾಕು ಮಂದಿ ಕೂಡಿ ಹಾಡಾಕ್ರಿ, ಅಕ್ಕಾರ."

"ಹಾಡಾಕಿ ನಾ ಒಬ್ಬಾಕಿ, ಬಾಯಿ ಒಂದೈತಿ. ಒಂದ ಮೈಕಿಂದು ಕೊಡ್ರಿ. ಆದ್ರ ಹಾಡೂಮುಂದ ಹಿಂದ ಹಾಡಿದ್ದು ಕಿವ್ಯಾಗ ಕೇಳಬೇಕು. ಅದನ್ನ ಮೊದ್ಲ ತೋರಸ್ರಿ."

ಅವನು ತೋರಿಸಿದ. ತನ್ನದೇ ದನಿಯ ಜೊತೆ ತಾನೇ ಹಾಡಿದಾಗ ಅವಳ ಮುಖ ನೋಡಬೇಕಿತ್ತು. ನಾನು ಬೈಕಿಗೆಂದು ಕೂಡಿಟ್ಟ ಹಣ ಅಲ್ಲೇ ಖಾಲಿಯಾಯಿತು, ಎಳ್ಳಷ್ಟೂ ಬೇಸರವಾಗಲಿಲ್ಲ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಯಂತ್ರ ಅವಳ ತೊಡೆಯ ಮೇಲೆ, ನನಗೆ ಮುಟ್ಟಲೂ ಕೊಡಲಿಲ್ಲ.

ಮಗ್ಗದ ಸಪ್ಪಳದಲ್ಲಿ ರೆಕಾರ್ಡಿಂಗ್ ಆಗುವ ಮಾತಲ್ಲ. ಕರೆಂಟ್ ಹೋದಾಗ ಮಾಡೋಣವೆಂದರೆ ಯಂತ್ರವೂ ಕರೆಂಟಿನದೇ. ಕೊನೆಗೆ ಅತ್ತಿಯೇ ಮನೆಮನೆಗೆ ಹೋಗಿ, "ಒಂದು ಪದ ಮುಗಿಯೂತನಾ ಮಗ್ಗ ನಿಂದ್ರಸ್ರೆಪಾ" ಎಂದು ಕೇಳಿಕೊಂಡು ಬಂದಳು. ನೇಯ್ದಷ್ಟೇ ಕೂಲಿ ಸಿಗುವ ಜನ. ಆದರೂ ಯಾರೂ ಇಲ್ಲವೆನ್ನಲಿಲ್ಲ. ಒಂದೊಂದಾಗಿ ಮಗ್ಗಗಳು ನಿಂತವು. ನಮ್ಮ ಓಣಿಯಲ್ಲಿ ಹಾಡುಹಗಲಲ್ಲಿ ಗುಬ್ಬಿಯ ದನಿಯನ್ನು ನಾನು ಕೇಳಿದ್ದು ಅಂದೇ. ಯಂತ್ರದ ಗುಂಡಿ ಒತ್ತಿದೆ.

ಸದ್ದೇ ಇರದಿದ್ದರೂ ಅತ್ತಿಯ ಕೈ ರೂಢಿಯಂತೆ ಎಡಗಿವಿಗೆ ಹೋಯಿತು. ಮೊದಲ ಸಾಲು ಹಾಡಿ, ದೊಡ್ಡತ್ತಿಯ ಸಾಲಿಗೆ ಜಾಗ ಬಿಟ್ಟು ಸುಮ್ಮನಾದಳು.

ಕಿಟಕಿಯಾಚೆಯಿಂದ ಸಾಲು ಎದ್ದಿತು. ಮಗ್ಗ ನಿಂತು ಕೈ ಬಿಡುವಾದ ಹೆಂಗಸರೆಲ್ಲ ನೋಡಲೆಂದು ನಮ್ಮ ಕಟ್ಟೆಗೆ ಬಂದು ಕೂತಿದ್ದರು. ಸೋಬಾನೆಯ ಸಾಲನ್ನು ಅರ್ಧಕ್ಕೆ ಬಿಡಬಾರದೆಂದು ಎಲ್ಲರೂ ಒಟ್ಟಿಗೆ ಎತ್ತಿಕೊಂಡಿದ್ದರು, ಅಜ್ಜಿಯ ಒಂದು ಶಬ್ದವೂ ತಪ್ಪದಂತೆ.

"ಎಲ್ಲಾ ಕೆಡ್ತು ಅತ್ತಿ. ಅದಕ್ಕ ಬ್ಯಾರೆ ಟ್ರ್ಯಾಕ್ ಐತಿ, ಸುಮ್ನಿರಾಕ ಹೇಳು ಅವ್ರಿಗೆ" ಎಂದು ನಾನು ಸಿಡುಕಿದೆ.

ಅವಳು ನನ್ನ ಕಡೆ ನೋಡಲೂ ಇಲ್ಲ. ಕಿಟಕಿಗೆ ಹೋಗಿ, "ಇದನ್ನ ನಿಮಗ ಯಾರು ಕಲಿಸಿದ್ರಬೇ?" ಎಂದು ಕೇಳಿದಳು.

ಎದುರು ಮನೆಯ ಸೊಸೆ ನಕ್ಕಳು. "ನೀವ ಅಲ್ರೀ. ದಿನಾ ಎರಡೂ ಕಡೀದು ಹಾಡ್ತೀರಿ. ಮಗ್ಗದ ಸಪ್ಪಳದಾಗೂ ಕೇಳ್ತೈತ್ರಿ."

ಅತ್ತಿ ಕಿಟಕಿಯ ಸರಳು ಹಿಡಿದುಕೊಂಡಳು. ಕಣ್ಣು ತುಂಬಿತ್ತು. ಆಮೇಲೆ ತಾನೇ ಮೈಕು ಎತ್ತಿ ಕಿಟಕಿಯಲ್ಲಿಟ್ಟಳು.

"ನಿನ್ನ ದನಿ ಸಣ್ಣಗಾಗ್ತೈತಿ ಅತ್ತಿ."

"ಆಗ್ಲಿ ಬಿಡು. ಅವ್ರದು ಬರ್ಲಿ."

ಒಂದು ಪದವೆಂದು ನಿಂತ ಮಗ್ಗಗಳು ಎಷ್ಟೋ ಪದಗಳಾದರೂ ಶುರುವಾಗಲಿಲ್ಲ. ಯಂತ್ರದಲ್ಲಿ ದನಿ ಅಳೆಯುವ ಮುಳ್ಳು ಕೆಂಪಿಗೆ ಹೋಗಿ ಹೋಗಿ ಬಡಿಯುತ್ತಿತ್ತು. ಅಷ್ಟು ಸಂತೋಷವನ್ನು ನಾನು ಮತ್ತೆ ಕಂಡಿದ್ದು ಕಡಿಮೆ.

ಮದುವೆಯ ಹಂದರದಲ್ಲಿ ಅತ್ತಿಯ ಸಾಲನ್ನು ಓಣಿಯ ಹೆಂಗಸರೇ ಎತ್ತಿಕೊಂಡರು, ಕ್ಯಾಸೆಟ್ಟಿನ ನೆನಪು ಯಾರಿಗೂ ಆಗಲಿಲ್ಲ. ಅದು ಮುಧೋಳದಲ್ಲಿ ದೊಡ್ಡತ್ತಿಯ ಹಾಸಿಗೆಯ ಪಕ್ಕ ಓಡುತ್ತಿತ್ತು.

ಅತ್ತಿ ತೀರಿಕೊಂಡು ಬಹಳ ವರ್ಷಗಳಾದವು. ಆ ಕ್ಯಾಸೆಟ್ಟಿನ ಉಳಿದ ಮೂರು ಟ್ರ್ಯಾಕು ಇಂದಿಗೂ ಖಾಲಿ ಇವೆ. ಓಣಿಯಲ್ಲಿ ಮದುವೆಯಾದಾಗಲೆಲ್ಲ ಆ ಪದಗಳನ್ನು ಎರಡೂ ಕಡೆಯಿಂದ ಹಾಡುತ್ತಾರೆ, ಮೈಕಿಲ್ಲದೆ.