ಅಟ್ಟದ ಕಾಯಿ, ಹಾರಾಟದ ಗಂಟೆ

ನಿನ್ನೆ ಅಪ್ಪ ಚನ್ನರಾಯಪಟ್ಟಣದಿಂದ ಬರುವಾಗ ಒಂದು ಸಣ್ಣ ಗೋಣಿಚೀಲ ತಂದರು. ಬೆಂಗಳೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಅದರ ಬಾಯಿ ಬಿಚ್ಚಿದ್ದೇ ತಡ, ಉಂಡೆಕೊಬ್ಬರಿಯ ವಾಸನೆ ಕೋಣೆಯನ್ನೆಲ್ಲ ತುಂಬಿಕೊಂಡಿತು. ಎಣ್ಣೆ, ಹೊಗೆ, ಸ್ವಲ್ಪ ಧೂಳು... ಚೀಲದ ತಳದಲ್ಲಿ ಒಡೆಯದ ಒಂದು ಕಾಯಿ ಇತ್ತು. ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಗಡಗಡ ಎಂದಿತು. ಯೋಚಿಸದೆ ಮಾಡಿದ ಕೆಲಸ. ಕಾಯಿಯನ್ನು ಹಾಗೆ ಹಿಡಿಯಲು ನನಗೆ ಕಲಿಸಿದವರು ನಮ್ಮೂರಿನ ಕೊಬ್ಬರಿ ಮಂಡಿಯ ಸಾಹುಕಾರರು.

ಅವರ ಮಂಡಿ ನಮ್ಮ ಬೀದಿಯ ಕೊನೆಯಲ್ಲಿತ್ತು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಕೆಂಪು ವಸ್ತ್ರ. ನಗುವಾಗ ಅವರ ಹೊಟ್ಟೆ ಮೊದಲು ನಗುತ್ತಿತ್ತು, ಮುಖ ಆಮೇಲೆ.

ನಮ್ಮ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕುತ್ತಾರೆ. ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ ಒಡೆಯುವಂತಿಲ್ಲ. ಅವಸರಪಟ್ಟು ಒಡೆದರೆ ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಅಟ್ಟವನ್ನು ಒಂದೇ ಸಲ ಬರಿದು ಮಾಡುವ ಪದ್ಧತಿಯೂ ಇಲ್ಲ. ಒಣಗಿದ್ದನ್ನು ಇಳಿಸುತ್ತ, ಹಸಿಯದನ್ನು ಏರಿಸುತ್ತ ಇರಬೇಕು.

ನನಗೋ ಅವಸರ. ಚಿಕ್ಕಂದಿನಲ್ಲಿ ಹೊಳೆನರಸೀಪುರದ ಅಜ್ಜಿಯ ಮನೆಗೆ ಹೋದಾಗ, ಹೇಮಾವತಿಯ ಮರಳಿನಲ್ಲಿ ಕುಳಿತು ತಲೆಯ ಮೇಲೆ ಹೋದ ಒಂದು ವಿಮಾನವನ್ನು ಕಣ್ಣಿಗೆ ಮರೆಯಾಗುವವರೆಗೂ ನೋಡಿದ್ದೆ. ಅಂದಿನಿಂದ ಆ ಆಸೆ ನನ್ನ ಜೊತೆಯಲ್ಲೇ ಬೆಳೆಯಿತು. ಯಾರಿಗೂ ಹೇಳಿರಲಿಲ್ಲ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಮೇಲೆ ಅಪ್ಪನಿಗೆ ಹೇಳಿದೆ. ಹೈಸ್ಕೂಲು ಮೇಷ್ಟರಾಗಿದ್ದ ಅಪ್ಪ ಬೈಯುತ್ತಾರೆಂದುಕೊಂಡಿದ್ದೆ. ಅವರು ನನಗಿಂತ ಹೆಚ್ಚು ಉತ್ಸಾಹಗೊಂಡು, ಮಾರನೆಯ ದಿನವೇ ನಮಗಿದ್ದ ಒಂದೇ ತೆಂಗಿನ ತೋಟವನ್ನು ಮಾರಲು ಹೊರಟರು. ನಾನೂ ಹಿಂದೆಯೇ ಹೋದೆ.

ಮಂಡಿಯಲ್ಲಿ ಸಾಹುಕಾರರು ಮಜ್ಜಿಗೆ ತರಿಸಿದರು.

"ಇವಳು ಪೈಲಟ್ ಆಗ್ತಾಳಂತೆ. ಬೆಂಗಳೂರಿನ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿಸ್ತಾರೆ. ಪೂರ್ತಿ ಹಣ ಒಂದೇ ಸಲ ಕಟ್ಟಿದ್ರೆ ರಿಯಾಯಿತಿ ಉಂಟು. ತೋಟ ನೀವೇ ತಗೊಳ್ಳಿ," ಎಂದರು ಅಪ್ಪ.

ಸಾಹುಕಾರರು ನನ್ನ ಕಡೆ ತಿರುಗಿದರು. "ಏನವ್ವಾ, ಬೀದೀಲಿ ಸಿಕ್ರೂ ಮಾತಾಡಾಕಿಲ್ಲ ನೀನು. ಅಷ್ಟು ಮ್ಯಾಲೆ ಒಬ್ಳೇ ಯಾರ್ ಜೊತೆ ಮಾತಾಡ್ತೀಯೆ?"

"ಅಲ್ಲಿ ಮಾತಾಡಬೇಕಾಗಿಲ್ಲ ಅಂತಲೇ ಹೋಗೋದು," ಎಂದೆ.

ಹೊಟ್ಟೆ ನಕ್ಕಿತು. ರಾಶಿಯಿಂದ ಒಂದು ಕಾಯಿ ಎತ್ತಿ ನನ್ನ ಕೈಗಿಟ್ಟು, ಕಿವಿಯ ಹತ್ತಿರ ಹೇಗೆ ಹಿಡಿಯಬೇಕೆಂದು ತೋರಿಸಿದರು. "ಅಲ್ಲಾಡ್ಸು. ಏನ್ ಕೇಳ್ತದೆ?"

"ನೀರು."

"ಒಡೀಬೌದಾ?"

"ಇಲ್ಲ."

"ಮತ್ತೆ ನಿಮ್ಮಪ್ಪಾರು ಯಾಕೆ ಒಡೀತಾವ್ರೆ?"

ನಮ್ಮ ತೋಟದ ಎಡಕ್ಕೂ ಬಲಕ್ಕೂ ಅವರ ತೋಟಗಳೇ ಇದ್ದವು. ನಡುವಿನ ಆ ತುಂಡಿನ ಮೇಲೆ ಅವರಿಗೆ ಎಷ್ಟೋ ವರ್ಷದಿಂದ ಕಣ್ಣಿದ್ದದ್ದು ಊರಿಗೇ ಗೊತ್ತಿತ್ತು. ಅಂದು ಅವರು ಹೂಂ ಎಂದಿದ್ದರೆ ಸಾಕಾಗಿತ್ತು...

"ತ್ವಾಟ ಬ್ಯಾಡ ಮೇಷ್ಟ್ರೆ, ಕಾಯಿ ಕೊಡಿ," ಎಂದರು. "ಮೊದ್ಲು ಡಾಕ್ಟ್ರು ನೋಡ್ಲಿ. ಕಣ್ಣು, ಕಿವಿ, ಎದೆ ಎಲ್ಲಾ ಸರಿಯಾಗದೆ ಅಂದ್ರೆ ದುಡ್ಡಿನ ಮಾತು. ಅದೂ ಎಷ್ಟು ಗಂಟೆ ಹಾರ್ತಾಳೋ ಅಷ್ಟಕ್ಕೇ ಕಟ್ಟಿ. ಅಟ್ಟ ಇಳಿದಂಗೆಲ್ಲಾ ಓಗಿ ಕಲ್ತ್ಕೊಂಡು ಬರ್ಲಿ."

"ರಿಯಾಯಿತಿ ಹೋಗತ್ತಲ್ಲ ಸಾಹುಕಾರ್ರೆ."

"ಓಗ್ಲಿ ಬಿಡಿ ಸಾ. ಇಲಿಬೋನಿಗೂ ಕೊಬ್ಬರಿ ಚೂರೇ ಸಿಕ್ಸೋದು."

ಮನೆಗೆ ಬಂದು ಆ ದಿನ ನಾನು ಊಟ ಮಾಡಲಿಲ್ಲ. ಅಟ್ಟ ಇಳಿಯುವುದನ್ನು ಕಾಯುತ್ತ ಮುದುಕಿಯಾಗುತ್ತೇನೆ ಎಂದುಕೊಂಡೆ.

ವೈದ್ಯರ ಪರೀಕ್ಷೆಯಲ್ಲಿ ಪಾಸಾದೆ. ನಮ್ಮ ಅಟ್ಟದ ಕಾಯಿ ಇಳಿಯಿತು, ಕ್ಲಬ್ಬಿಗೆ ಹೋದೆ. ಕಟ್ಟಿದ ಹಣದಷ್ಟು ಗಂಟೆ ಹಾರಿ ಮುಗಿಯಿತು, ಊರಿಗೆ ಬಂದೆ. ಮುಂದಿನ ಕಾಯಿ ಒಣಗುವವರೆಗೆ ಹುಡುಗಿಯರ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟೆ. ಪೂರ್ತಿ ಹಣ ಕಟ್ಟಿದ್ದವರು ದಿನವೂ ಹಾರುತ್ತಿದ್ದರು. ಅವರನ್ನು ನೆನೆದರೆ ಹೊಟ್ಟೆಯಲ್ಲಿ ಉರಿ.

ಹೀಗಿರುವಾಗ ಕ್ಲಬ್ಬಿನ ಒಂದು ವಿಮಾನದ ಚಕ್ರ ಇಳಿಯುವಾಗ ಮುರಿಯಿತು. ಇನ್ನೊಂದರ ಎಂಜಿನ್ನು ಕೆಟ್ಟು, ಬಿಡಿಭಾಗ ಸಮುದ್ರದಾಚೆಯಿಂದ ಬರಬೇಕೆಂದರು. ಅದು ಬರಲೇ ಇಲ್ಲ. ಕ್ಲಬ್ಬಿನ ಬಾಗಿಲು ಮುಚ್ಚಿತು. ಪೂರ್ತಿ ಕಟ್ಟಿದ್ದವರಿಗೆ ಹಾರಾಟವೂ ಇಲ್ಲ, ಹಣವೂ ಇಲ್ಲ. ನಮ್ಮ ಹಣ ಮಾತ್ರ ಅಟ್ಟದ ಮೇಲೆ, ಚಿಪ್ಪಿನೊಳಗೆ, ನಿಧಾನವಾಗಿ ಒಣಗುತ್ತಿತ್ತು.

ಮಂಡಿಗೆ ಹೋಗಿ ಹೇಳಿದೆ. ನಾನು ಹೇಳಿರಲಿಲ್ಲವೇ ಎನ್ನುತ್ತಾರೆಂದು ಕಾದೆ. ಅವರು ತಕ್ಕಡಿಯನ್ನು ಕೆಳಗಿಟ್ಟು, "ಅಯ್ಯೋ ಶಿವನೆ, ಆ ಮಕ್ಳ ಗತಿ ಏನವ್ವಾ?" ಎಂದರು. ಅಷ್ಟೇ.

ವಿಮಾನ ಹಾರಿಸಲು ಕಲಿಸುವ ಬೇರೊಂದು ಶಾಲೆಗೆ ಸೇರಿದೆ. ಒಂಟಿಯಾಗಿ ಹಾರುವ ದಿನ ಹತ್ತಿರವಾದಾಗ ಸಾಹುಕಾರರು ಕೊಬ್ಬರಿ ಲಾರಿಯ ಜೊತೆ ಬೆಂಗಳೂರಿಗೆ ಬಂದಿದ್ದರು. ಆ ದಿನ ಬೆಳಿಗ್ಗೆಯೇ ಅಪ್ಪನೊಂದಿಗೆ ವಿಮಾನದ ಮೈದಾನಕ್ಕೆ ಬಂದರು. ನಾನು ಉಪಾಧ್ಯಾಯರ ಮಾತು ಕೇಳುತ್ತಿದ್ದಾಗ ಅವರು ಸೀದಾ ವಿಮಾನದ ಹತ್ತಿರ ಹೋಗಿ, ರೆಕ್ಕೆಯ ತುದಿ ಹಿಡಿದು, ಕಿವಿಗೊಟ್ಟು ಅಲ್ಲಾಡಿಸತೊಡಗಿದರು.

"ಅರೆ ಯಜಮಾನ್ರೆ! ಮುಟ್ಬೇಡಿ, ಮುಟ್ಬೇಡಿ!" ಎಂದು ಮೆಕ್ಯಾನಿಕ್ಕು ಓಡಿ ಬಂದ.

ಸಾಹುಕಾರರ ಮುಖ ಅರಳಿತ್ತು. "ಗಡಗಡ ಅಂತದೆ ಕಣವ್ವಾ! ಚೆನ್ನಾಗದೆ. ಓಗು ನೀನು!"

"ಗಡಗಡ ಅಂದ್ರೆ ಚೆನ್ನಾಗಿದೆಯಾ?" ಮೆಕ್ಯಾನಿಕ್ಕು ತಲೆಯ ಮೇಲೆ ಕೈ ಹೊತ್ತ. "ಇದೇನು ತೆಂಗಿನಕಾಯಾ? ವಿಮಾನದಲ್ಲಿ ಒಂದು ಸ್ಕ್ರೂ ಕೂಡ ಸದ್ದು ಮಾಡಬಾರದು!" ಬಗ್ಗಿ ಒಳಗೆ ನೋಡಿದ. ಉಪಾಧ್ಯಾಯರು ಬಿಟ್ಟು ಇಳಿದಿದ್ದ ಖಾಲಿ ಸೀಟಿನ ಬೆಲ್ಟಿನ ಕೊಂಡಿ ತಗಡಿಗೆ ಬಡಿಯುತ್ತಿತ್ತು. ಅದನ್ನು ಬಿಗಿದು ಕಟ್ಟಿದ. ಸಾಹುಕಾರರು ಮತ್ತೊಮ್ಮೆ ರೆಕ್ಕೆ ಅಲ್ಲಾಡಿಸಿ, ಈ ಸಲ ಏನೂ ಕೇಳಿಸದೆ, ಬಹಳ ನಿರಾಶರಾದರು.

ನಗು ತಡೆಯುತ್ತಲೇ ನಾನು ಹತ್ತಿ ಕುಳಿತೆ. ಎದುರಿನ ಸೀಟು ಖಾಲಿ. ಭಾರ ಕಡಿಮೆಯಾಗಿದ್ದರಿಂದ ವಿಮಾನ ನಾನೆಣಿಸಿದ್ದಕ್ಕಿಂತ ಮೊದಲೇ ನೆಲ ಬಿಟ್ಟಿತು. ಚಕ್ರಗಳ ಕುಲುಕಾಟ ಹಠಾತ್ತನೆ ನಿಂತಿತು. ಮೈದಾನ, ಹುಣಸೆಮರಗಳು, ಅಂಚಿನಲ್ಲಿ ನಿಂತ ಇಬ್ಬರು ಹಿರಿಯರು ಎಲ್ಲ ಕೆಳಗೆ ಜಾರಿದವು. ಅಲ್ಲಿ ಮಾತಾಡಬೇಕಾಗಿಲ್ಲ ಎಂದಿದ್ದವಳು ನಾನು. ಗಂಟಲು ಹರಿಯುವ ಹಾಗೆ ಕೂಗಿದೆ. ಏನೆಂದು ಕೂಗಿದೆನೋ ಅದು ನನ್ನಲ್ಲೇ ಇರಲಿ.

ಇಳಿದು ಬಂದಾಗ ಸಾಹುಕಾರರ ಕಣ್ಣು ಒದ್ದೆಯಾಗಿತ್ತು. ಧೂಳು ಎಂದರು.

"ಒಂದ್ಸಲ ನಮ್ಮೂರ್ ಮ್ಯಾಲೆ ಬಾ ಅವ್ವಾ. ಮಂಡಿ ತಾರಸಿ ಮ್ಯಾಲೆ ನಿಂತು ವಸ್ತ್ರ ಬೀಸ್ತೀನಿ. ಬೀಳೋದಾದ್ರೆ ಮಾತ್ರ ನಮ್ಮ ಮಂಡಿ ಮ್ಯಾಲೆ ಬ್ಯಾಡ. ತಿಪಟೂರ್ನೋರ ಮಂಡಿ ಮ್ಯಾಲೆ ಬೀಳು!"

ಬರುತ್ತೇನೆ ಎಂದೆ. ಆದರೆ ಸಂಬಳಕ್ಕೆ ವಿಮಾನ ನಡೆಸುವ ಪರವಾನಗಿಗೆ ಇನ್ನೂ ಎಷ್ಟೋ ಗಂಟೆ ಬೇಕಿತ್ತು. ಎಂದರೆ ಇನ್ನೂ ಎಷ್ಟೋ ಕಾಯಿ. ಅಟ್ಟ ಇಳಿಯುತ್ತ, ಏರುತ್ತ ಇತ್ತು. ಕಳೆದ ಮಾಗಿಯಲ್ಲಿ ಸಾಹುಕಾರರು ಮಂಡಿಯಲ್ಲೇ ಕುಳಿತಲ್ಲಿ ತೀರಿಕೊಂಡರು...

ಪರವಾನಗಿಗೆ ಬೇಕಾದ ಕೊನೆಯ ದೂರದ ಹಾರಾಟವನ್ನು ಹೋದ ತಿಂಗಳು ಮುಗಿಸಿದೆ. ದಾರಿಯನ್ನು ಹಾಸನದ ಕಡೆಗೇ ಕೇಳಿ ಪಡೆದಿದ್ದೆ. ಶ್ರವಣಬೆಳಗೊಳದ ಬೆಟ್ಟ ದಾಟಿತು. ಕೆರೆಗಳು ಹೊಳೆದವು. ಆಮೇಲೆ ತೆಂಗು, ತೆಂಗು, ನಮ್ಮೂರು. ಅವರ ಎರಡು ತೋಟಗಳ ನಡುವೆ ನಮ್ಮ ತುಂಡು ಎಲ್ಲಿ ಮುಗಿಯುತ್ತದೆಂದು ಮೇಲಿನಿಂದ ತಿಳಿಯುವುದೇ ಇಲ್ಲ. ಮಂಡಿಯ ತಾರಸಿಯನ್ನು ಮಾತ್ರ ತಕ್ಷಣ ಗುರುತಿಸಿದೆ. ಅಲ್ಲಿ ಯಾರೂ ಇರಲಿಲ್ಲ. ವಿಮಾನವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ರೆಕ್ಕೆ ಅಲ್ಲಾಡಿಸಿದೆ. ಕಿವಿಗೊಟ್ಟೆ. ಒಳಗೆ ಏನೂ ಗಡಗಡ ಎನ್ನಲಿಲ್ಲ.

ಪರವಾನಗಿ ಮೊನ್ನೆ ಕೈಗೆ ಬಂತು. ಅದನ್ನು ನೋಡಲೆಂದೇ ಅಪ್ಪ ಬಂದಿರುವುದು. ಇವತ್ತು ಬೆಳಿಗ್ಗೆ ಕಾಫಿಯ ಹೊತ್ತಿಗೆ ಅವರು ಮೇಜಿನ ಮೇಲಿನ ಕಾಯಿಯನ್ನು ನೋಡಿ, "ಚೆನ್ನಾಗಿ ಒಣಗಿದೆಯಲ್ಲ, ಒಡೆಯೋಣವಾ?" ಎಂದರು.

"ಇದೊಂದು ಹಾಗೇ ಇರಲಿ ಅಪ್ಪ," ಎಂದೆ.